ಇಸಿಜಿ ಆಯ್ತು, ಮೂತ್ರ ಪರೀಕ್ಷೆ ಆಯ್ತಾ? ಹಾಸನದ ಆತಂಕ ಮತ್ತು 13.8 ಕೋಟಿ ಕಿಡ್ನಿ ರೋಗಿಗಳ ಲೆಕ್ಕ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಒಂದೇ ಮಾತು, ಹಾರ್ಟ್ ಅಟ್ಯಾಕ್. ಒಂದೂವರೆ ತಿಂಗಳೊಳಗೆ ಇಪ್ಪತ್ತಕ್ಕೂ ಜಾಸ್ತಿ ಸಾವುಗಳ ಸುದ್ದಿ ಬಂತು. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವಷ್ಟರಲ್ಲಿ ಸಾಲು ನಿಂತರು. ಸರ್ಕಾರ ತಜ್ಞರಿಂದ ಪರಿಶೀಲನೆ ಮಾಡಿಸಿತು. ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಕಂಡಿಲ್ಲ, ಶುಗರ್, ಬಿಪಿ, ಬೊಜ್ಜು, ಸಿಗರೇಟು, ಕುಡಿತ ಇವೇ ಗೊತ್ತಿರುವ ಅಪಾಯಗಳು ಎಂಬ ಉತ್ತರ ಬಂತು. ಪಟ್ಟಿಯಲ್ಲಿದ್ದ ಕೆಲವು ಸಾವುಗಳು ಹೃದಯಾಘಾತದಿಂದ ಆದದ್ದೇ ಅಲ್ಲ ಅಂತಲೂ ಗೊತ್ತಾಯಿತು.

ಆ ಗಾಬರಿ ಇಳಿಯುವ ಹೊತ್ತಿಗೆ, ನವೆಂಬರ್‌ನಲ್ಲಿ, ಇನ್ನೊಂದು ಸುದ್ದಿ ಬಂತು. ಭಾರತದಲ್ಲಿ 13.8 ಕೋಟಿ ಜನರಿಗೆ ದೀರ್ಘಕಾಲದ ಕಿಡ್ನಿ ಕಾಯಿಲೆ ಇದೆ, ಚೀನಾದ 15.2 ಕೋಟಿ ಬಿಟ್ಟರೆ ನಾವೇ ಜಾಸ್ತಿ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ವಯಸ್ಕರಲ್ಲಿ ಹೆಚ್ಚುಕಡಿಮೆ ಏಳು ಜನಕ್ಕೆ ಒಬ್ಬರು ಅಂದಹಾಗಾಯಿತು. ಓದಿದವರಿಗೆ ಸಹಜವಾಗಿಯೇ ಗೊಂದಲ. ನಮ್ಮ ಬೀದಿಯಲ್ಲಿ ಏಳು ಜನಕ್ಕೆ ಒಬ್ಬರು ಡಯಾಲಿಸಿಸ್‌ಗೆ ಹೋಗುತ್ತಿಲ್ಲ, ಅಲ್ವಾ? ಹಾಗಾದರೆ ಈ 13.8 ಕೋಟಿ ಜನ ಯಾರು?

ಈ ಎರಡು ಸುದ್ದಿಗಳನ್ನು ಬೇರೆ ಬೇರೆ ಅಂತ ಓದಿದ್ದೇ ತಪ್ಪಾಯಿತು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ನೋಡೋಣ.

ಡಯಾಲಿಸಿಸ್ ಅನ್ನುವುದು ಕೊನೆಯ ಮೆಟ್ಟಿಲು ಮಾತ್ರ

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ಜರಡಿಗಳಿರುತ್ತವೆ. ಎರಡೂ ಸೇರಿ ದಿನಕ್ಕೆ 180 ಲೀಟರ್‌ನಷ್ಟು ದ್ರವ ಸೋಸುತ್ತವೆ. ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತದೆ, ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಅನ್ನುವ ಅಂದಾಜು ಲೆಕ್ಕವೇ ಲ್ಯಾಬ್ ರಿಪೋರ್ಟಿನ ಇಜಿಎಫ್‌ಆರ್. ಆರೋಗ್ಯವಂತ ಯುವಕರಲ್ಲಿ ಅದು 90ರ ಮೇಲೆ ಇರುತ್ತದೆ.

ಮೂರು ತಿಂಗಳಿಗಿಂತ ಜಾಸ್ತಿ ಕಾಲ ಅದು 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. 60ರ ಮೇಲಿದ್ದರೂ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಮೂರು ತಿಂಗಳಾದರೂ ಸೋರುತ್ತಲೇ ಇದ್ದರೆ ಅದೂ ಕಾಯಿಲೆಯೇ. ಒಟ್ಟು ಐದು ಹಂತ. ಐದನೆಯದು ಇಜಿಎಫ್‌ಆರ್ 15ಕ್ಕಿಂತ ಕೆಳಗೆ. ಡಯಾಲಿಸಿಸ್, ಕಸಿ ಇವೆಲ್ಲ ಬರುವುದು ಅಲ್ಲಿ. 13.8 ಕೋಟಿಯಲ್ಲಿ ಬಹುಪಾಲು ಜನ ಇರುವುದು ಮೊದಲ ಮೂರು ಹಂತದಲ್ಲಿ. ಅವರಿಗೆ ನೋವಿಲ್ಲ, ಊತವಿಲ್ಲ, ಮೂತ್ರ ಸರಿಯಾಗಿಯೇ ಹೋಗುತ್ತಿದೆ. ಸುಸ್ತು ಅಂತ ಒಬ್ಬಿಬ್ಬರು ಹೇಳಬಹುದು, ಆದರೆ ಸುಸ್ತು ಯಾರಿಗಿಲ್ಲ? ಹಾಗಾಗಿ ಅವರಲ್ಲಿ ಹೆಚ್ಚಿನವರಿಗೆ ತಮಗೆ ಕಾಯಿಲೆ ಇದೆ ಅಂತಲೇ ಗೊತ್ತಿರುವುದಿಲ್ಲ.

ಇನ್ನೊಂದು ಗೊಂದಲವನ್ನು ಇಲ್ಲೇ ತೆಗೆದುಬಿಡೋಣ. ನಮ್ಮ ಕಡೆ ಕಿಡ್ನಿ ಪ್ರಾಬ್ಲಂ ಅಂದ ತಕ್ಷಣ ಕಲ್ಲು ಅಂದುಕೊಳ್ಳುತ್ತಾರೆ. ಬಾಳೆದಿಂಡಿನ ರಸ, ಹುರುಳಿ ಕಟ್ಟು ಅಂತ ಶುರುವಾಗುತ್ತದೆ. ಕಲ್ಲು ಬಂದರೆ ತಡೆಯಲಾರದ ನೋವಿರುತ್ತದೆ, ಜನ ಓಡಿ ಡಾಕ್ಟರ ಹತ್ತಿರ ಹೋಗುತ್ತಾರೆ. ಇಲ್ಲಿ ನಾವು ಮಾತಾಡುತ್ತಿರುವುದು ನೋವೇ ಇಲ್ಲದ ಕಾಯಿಲೆ. ಅಪಾಯ ಇರುವುದೇ ಅದರಲ್ಲಿ.

ಒಂದೇ ಕ್ರಿಯಾಟಿನಿನ್, ಎರಡು ಅರ್ಥ

ಹಾಸನದ ಗಾಬರಿಯ ನಂತರ ಬಹಳ ಜನ ಹೆಲ್ತ್ ಚೆಕಪ್ ಮಾಡಿಸಿದರು. ಈಸಿಜಿ, ಎಕೋ, ಕೊಲೆಸ್ಟ್ರಾಲ್, ಜೊತೆಗೆ ಸೀರಮ್ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ. ರಿಪೋರ್ಟ್ ಬಂದಾಗ ನಾವು ನೋಡುವುದು ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಏನಾದರೂ ಗುರುತು ಇದೆಯಾ ಅಂತ. ಇಲ್ಲದಿದ್ದರೆ ನಿಶ್ಚಿಂತೆ.

ಒಂದು ಉದಾಹರಣೆ ತಗೊಳ್ಳಿ. ಇಬ್ಬರ ಕ್ರಿಯಾಟಿನಿನ್ನೂ 1.1. ಒಬ್ಬ 30 ವರ್ಷದ ಗಂಡಸು, ಇನ್ನೊಬ್ಬರು 65 ವರ್ಷದ ಹೆಂಗಸು. ಎಷ್ಟೋ ಲ್ಯಾಬ್‌ಗಳಲ್ಲಿ ಇಬ್ಬರದ್ದೂ ನಾರ್ಮಲ್ ಪಟ್ಟಿಯೊಳಗೇ ಬರುತ್ತದೆ. ಆದರೆ ವಯಸ್ಸು, ಲಿಂಗ ಸೇರಿಸಿ ಈಗ ಬಳಕೆಯಲ್ಲಿರುವ ಸೂತ್ರದಲ್ಲಿ ಲೆಕ್ಕ ಹಾಕಿದರೆ ಆ ಯುವಕನ ಇಜಿಎಫ್‌ಆರ್ 90ರ ಮೇಲೆ, ಆ ತಾಯಿಯದ್ದು 56ರ ಆಸುಪಾಸು. ಒಬ್ಬರು ಪೂರ್ತಿ ಸರಿ, ಇನ್ನೊಬ್ಬರು ಮೂರನೇ ಹಂತದ ಹೊಸ್ತಿಲಲ್ಲಿ. ಅಂಕಿ ಮಾತ್ರ ಒಂದೇ!

ಯಾಕೆ ಹೀಗೆ? ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ. ಸ್ನಾಯು ಕಡಿಮೆ ಇದ್ದವರಲ್ಲಿ ಕಸವೂ ಕಡಿಮೆ. ಕಿಡ್ನಿ ಸೋಸುವುದು ನಿಧಾನವಾಗಿದ್ದರೂ ರಕ್ತದಲ್ಲಿ ಅದರ ಮಟ್ಟ ಏರಿದ ಹಾಗೆ ಕಾಣುವುದಿಲ್ಲ. ಕಿಡ್ನಿಗೆ ಉಳಿಕೆ ಶಕ್ತಿ ಬೇರೆ ಜಾಸ್ತಿ. ಎಷ್ಟೋ ಜನರಲ್ಲಿ ಅರ್ಧದಷ್ಟು ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ನಾರ್ಮಲ್ ಗೆರೆ ದಾಟುವುದಿಲ್ಲ. ತಿರುಗಾ ಉಲ್ಟಾ ಕೂಡ ಆಗುತ್ತದೆ. ಹಿಂದಿನ ರಾತ್ರಿ ಬಾಡೂಟ ಮುಗಿಸಿ ಬೆಳಿಗ್ಗೆ ರಕ್ತ ಕೊಟ್ಟರೆ, ಅಥವಾ ನೀರು ಸರಿಯಾಗಿ ಕುಡಿಯದೆ ದಿನವೆಲ್ಲ ಬಿಸಿಲಲ್ಲಿ ದುಡಿದು ಬಂದಿದ್ದರೆ, ಕಿಡ್ನಿ ಚೆನ್ನಾಗಿದ್ದರೂ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಅದಕ್ಕೇ ಮೂರು ತಿಂಗಳ ನಿಯಮ ಇರುವುದು. ಒಂದು ಸಲದ ರಿಪೋರ್ಟ್ ನೋಡಿ ಗಾಬರಿಯಾಗುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ.

ಲೆಕ್ಕದ ಬಗ್ಗೆ ಇರುವ ಜಗಳ

13.8 ಕೋಟಿ ಅನ್ನುವ ಸಂಖ್ಯೆಯನ್ನು ಎಲ್ಲ ವೈದ್ಯರೂ ಒಂದೇ ರೀತಿ ನೋಡುವುದಿಲ್ಲ. ಇಂಥ ಲೆಕ್ಕಗಳ ಬಗ್ಗೆ ವರ್ಷಗಳಿಂದ ಚರ್ಚೆ ನಡೆಯುತ್ತಿದೆ.

ಒಂದು ಕಡೆಯವರು ಹೇಳುವುದು, ಇದು ಜಾಸ್ತಿ ತೋರಿಸುವ ಲೆಕ್ಕ. ನಡುವಯಸ್ಸು ದಾಟಿದ ಮೇಲೆ ಕಿಡ್ನಿಯ ಸೋಸುವ ಶಕ್ತಿ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಅಂಕದಂತೆ ತಾನಾಗಿಯೇ ಇಳಿಯುತ್ತದೆ. ಕಣ್ಣು ಮಂಜಾದ ಹಾಗೆ, ಕೂದಲು ನೆರೆತ ಹಾಗೆ. 78 ವರ್ಷದ ಅಜ್ಜನಿಗೆ ಇಜಿಎಫ್‌ಆರ್ 54 ಇದ್ದು, ಮೂತ್ರದಲ್ಲಿ ಪ್ರೋಟೀನ್ ಇಲ್ಲದಿದ್ದರೆ, ಅವರಿಗೆ ಕಿಡ್ನಿ ರೋಗಿ ಅಂತ ಹಣೆಪಟ್ಟಿ ಯಾಕೆ ಅಂಟಿಸಬೇಕು? ಎಷ್ಟೋ ಸಮೀಕ್ಷೆಗಳು ಒಂದೇ ಸಲ ರಕ್ತ ತೆಗೆದು ಲೆಕ್ಕ ಹಾಕುತ್ತವೆ, ಮೂರು ತಿಂಗಳ ನಂತರ ಮತ್ತೆ ನೋಡುವುದಿಲ್ಲ. ಈ ಮಾತಿನಲ್ಲಿ ಹುರುಳಿದೆ.

ಇನ್ನೊಂದು ಕಡೆಯವರ ವಾದ ಇದಕ್ಕೆ ವಿರುದ್ಧ. ಸೂತ್ರಗಳು ತಯಾರಾಗಿರುವುದು ಹೊರದೇಶದವರ ಮೈಕಟ್ಟಿನ ಮೇಲೆ. ನಮ್ಮಲ್ಲಿ ಸ್ನಾಯು ಕಡಿಮೆ, ಮಾಂಸ ತಿನ್ನುವುದೂ ಕಡಿಮೆ. ಹಾಗಾಗಿ ಆ ಸೂತ್ರಗಳು ಭಾರತೀಯರ ಕಿಡ್ನಿಯನ್ನು ಇರುವುದಕ್ಕಿಂತ ಚೆನ್ನಾಗಿದೆ ಅಂತ ತೋರಿಸುತ್ತವೆ. ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಇರಬಹುದು ಎನ್ನುತ್ತಾರೆ. ಈ ಮಾತೂ ಸುಳ್ಳಲ್ಲ.

ಎರಡೂ ಕಡೆಯವರು ಒಪ್ಪುವ ಒಂದು ವಿಷಯ ಇದೆ. ರಕ್ತದ ಲೆಕ್ಕ ಒಂದನ್ನೇ ನಂಬಿದರೆ ಎಡವುತ್ತೇವೆ, ಜೊತೆಗೆ ಮೂತ್ರದ ಅಲ್ಬುಮಿನ್ ನೋಡಬೇಕು. ಅದೇ ಯೂರಿನ್ ಎಸಿಆರ್ ಪರೀಕ್ಷೆ, ಅಂದರೆ ಮೂತ್ರದಲ್ಲಿರುವ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂಗಿಂತ ಕೆಳಗಿದ್ದರೆ ಸರಿ. ಜರಡಿಯ ಕಣ್ಣು ಹಿಗ್ಗಿದೆ ಅಂತ ಮೊದಲು ಹೇಳುವುದು ಅದು, ಶುಗರ್ ಇರುವವರಲ್ಲಂತೂ ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮೊದಲೇ. 54 ಇದ್ದ ಆ ಅಜ್ಜನಿಗೆ ಅಲ್ಬುಮಿನ್ ಸೋರುತ್ತಿಲ್ಲ ಅಂದರೆ ಸುಮ್ನೆ ವರ್ಷಕ್ಕೊಮ್ಮೆ ನೋಡುತ್ತಿದ್ದರೆ ಸಾಕಾಗಬಹುದು. ಇಜಿಎಫ್‌ಆರ್ 95 ಇರುವ, ಶುಗರ್ ಇರುವ 42 ವರ್ಷದವನಿಗೆ ಎಸಿಆರ್ 250 ಬಂದರೆ ಅವನೇ ಮೊದಲು ಡಾಕ್ಟರ ಮುಂದೆ ಕೂರಬೇಕಾದವನು. ಲೆಕ್ಕದ ಜಗಳ ಏನೇ ಇರಲಿ, ಈ ಪರೀಕ್ಷೆಯನ್ನು ನಮ್ಮಲ್ಲಿ ಮಾಡಿಸುವವರು ತೀರಾ ಕಡಿಮೆ. ನನಗೆ ಕಳವಳ ಆಗುವುದು ಅದಕ್ಕೆ.

ಹೃದಯದ ಸುದ್ದಿಯೊಳಗೆ ಕಿಡ್ನಿಯ ಸುದ್ದಿ

ಈಗ ಹಾಸನಕ್ಕೆ ವಾಪಸ್ ಬರೋಣ. ಕಿಡ್ನಿ ಕಾಯಿಲೆ ಇರುವವರಲ್ಲಿ ಬಹಳಷ್ಟು ಜನ ಡಯಾಲಿಸಿಸ್‌ವರೆಗೆ ಹೋಗುವುದೇ ಇಲ್ಲ. ಅದಕ್ಕೂ ಮೊದಲೇ ಹೃದಯಾಘಾತ, ಪಾರ್ಶ್ವವಾಯು ಬಂದು ತೀರಿಹೋಗುತ್ತಾರೆ. ಜಗತ್ತಿನಲ್ಲಿ ಹೃದಯ, ರಕ್ತನಾಳದ ಕಾಯಿಲೆಗಳಿಂದಾಗುವ ಸಾವುಗಳಲ್ಲಿ ಹತ್ತಕ್ಕೆ ಒಂದಕ್ಕಿಂತ ಜಾಸ್ತಿ ಸಾವಿನ ಹಿಂದೆ ಕಿಡ್ನಿಯ ದೌರ್ಬಲ್ಯ ಇದೆ ಎಂದು ಅದೇ ಲ್ಯಾನ್ಸೆಟ್ ಅಧ್ಯಯನ ಹೇಳುತ್ತದೆ.

ಇದು ಆಗುವುದು ಹೀಗೆ. ಕಿಡ್ನಿ ಉಪ್ಪು, ನೀರನ್ನು ಸರಿಯಾಗಿ ಹೊರಹಾಕದಿದ್ದರೆ ಬಿಪಿ ಏರುತ್ತದೆ. ಬಿಪಿ ಏರಿದರೆ ಹೃದಯ ಜಾಸ್ತಿ ತಳ್ಳಬೇಕು, ಅದರ ಗೋಡೆ ದಪ್ಪವಾಗುತ್ತದೆ. ಅದೇ ಬಿಪಿ ಕಿಡ್ನಿಯ ಪುಟ್ಟ ಜರಡಿಗಳನ್ನೂ ಹೊಡೆಯುತ್ತದೆ, ಕಿಡ್ನಿ ಇನ್ನಷ್ಟು ಸೋಲುತ್ತದೆ, ಬಿಪಿ ಇನ್ನಷ್ಟು ಏರುತ್ತದೆ. ಜೊತೆಗೆ ಕ್ಯಾಲ್ಸಿಯಂ, ಫಾಸ್ಫರಸ್ ಹದ ತಪ್ಪಿ ರಕ್ತನಾಳಗಳು ಗಟ್ಟಿಯಾಗುತ್ತವೆ. ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿದೆ ಅಂದರೆ ಮೈಯ ಬೇರೆ ಕಡೆಯ ಸಣ್ಣ ರಕ್ತನಾಳಗಳೂ ಹದಗೆಟ್ಟಿರಬಹುದು ಅಂತಲೇ ಅರ್ಥ. ಹೃದಯಕ್ಕೆ ಹೆದರಿ ಈಸಿಜಿ ಮಾಡಿಸಿದವರು ಮೂತ್ರ ಪರೀಕ್ಷೆ ಬಿಟ್ಟರೆ ಅರ್ಧ ಪರೀಕ್ಷೆ ಮಾತ್ರ ಮಾಡಿಸಿದ ಹಾಗೆ.

ಮೆಡಿಕಲ್ ಶಾಪಿನ ಬಿಡಿ ಮಾತ್ರೆ

ಶುಗರ್ ಮತ್ತು ಬಿಪಿ ಕಿಡ್ನಿ ಹಾಳಾಗುವುದಕ್ಕೆ ದೊಡ್ಡ ಕಾರಣಗಳು, ಎಲ್ಲ ಊರಲ್ಲೂ ಅಷ್ಟೇ. ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಜೊತೆಗೆ ಗಮನಿಸಬೇಕಾದದ್ದು ನೋವಿನ ಮಾತ್ರೆ.

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಕುಯ್ಲಿನ ದಿನಗಳಲ್ಲಿ, ಬಯಲು ಸೀಮೆ ಕಡೆ ಶುಂಠಿ ಕೀಳುವಾಗ, ಆಲೂಗಡ್ಡೆ ಮೂಟೆ ಹೊರುವಾಗ, ಸಂಜೆ ಹೊತ್ತಿಗೆ ಸೊಂಟ, ಮಂಡಿ ಹಿಡಿದುಕೊಂಡಿರುತ್ತದೆ. ನಾಳೆ ಕೆಲಸಕ್ಕೆ ಹೋಗದಿದ್ದರೆ ಕೂಲಿ ಇಲ್ಲ. ಮೆಡಿಕಲ್‌ಗೆ ಹೋಗಿ "ಮೈಕೈ ನೋವಿಗೆ ಒಂದು ಕೊಡಿ" ಅಂದರೆ ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಕತ್ತರಿಸಿದ ತುಂಡಿನಲ್ಲಿ ಹೆಸರೂ ಇರುವುದಿಲ್ಲ. ಅದು ಬಹುಮಟ್ಟಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಇಲ್ಲವೇ ಅದೇ ಜಾತಿಯ ಇನ್ನೊಂದು. ನೋವು ಹೋಗುತ್ತದೆ, ನಾಳೆಯೂ ಅದೇ. ಇದರಲ್ಲಿ ಕೂಲಿಯವರ ತಪ್ಪೇನೂ ಇಲ್ಲ.

ಕಿಡ್ನಿಗೆ ರಕ್ತ ಹೋಗುವ ಸಣ್ಣ ನಾಳವನ್ನು ತೆರೆದಿಡುವ ರಾಸಾಯನಿಕವನ್ನೇ ಈ ಮಾತ್ರೆಗಳು ತಡೆಯುತ್ತವೆ. ಆರೋಗ್ಯವಾಗಿರುವವರು ಯಾವತ್ತೋ ಒಂದು ತಗೊಂಡರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಬೆವರು ಸುರಿದು ನೀರು ಕಡಿಮೆಯಾದ ಮೈ, ಅದರ ಮೇಲೆ ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ ಕೂಡ ತಗೊಳ್ಳುತ್ತಿದ್ದರೆ, ಅದರ ಮೇಲೆ ನೋವಿನ ಮಾತ್ರೆ ಬಿದ್ದಾಗ ಕಿಡ್ನಿಗೆ ಹೋಗುವ ರಕ್ತ ದಿಢೀರ್ ಅಂತ ಇಳಿಯಬಹುದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನಾ ತಗೊಂಡರೆ ಕಿಡ್ನಿಯ ಒಳಭಾಗಕ್ಕೇ ಗಾಯ. ದನಕರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಸರ್ಕಾರ 2006ರಲ್ಲೇ ನಿಷೇಧಿಸಿತು. ಆ ಔಷಧಿ ಕೊಟ್ಟಿದ್ದ ದನದ ಹೆಣ ತಿಂದ ರಣಹದ್ದುಗಳು ಕಿಡ್ನಿ ಸೋತು ಸತ್ತು ದೇಶದಲ್ಲಿ ಅವುಗಳ ಸಂತತಿಯೇ ಅಳಿಯುವ ಹಾಗಾಗಿತ್ತು. ಮನುಷ್ಯನ ಮೈ ಹದ್ದಿನಷ್ಟು ನಾಜೂಕಲ್ಲ, ನಿಜ. ಆದರೂ ಮಾತ್ರೆ ಬಲವಾದದ್ದು ಅಂತ ಗೊತ್ತಿರಬೇಕು. ಜ್ವರ, ಮೈಕೈ ನೋವಿಗೆ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕಿಡ್ನಿಯ ಮಟ್ಟಿಗೆ ಇದಕ್ಕಿಂತ ಎಷ್ಟೋ ವಾಸಿ.

ಮಲೆನಾಡಿನಲ್ಲಿ ಇನ್ನೆರಡು ವಿಷಯ. ಇಲಿ ಜ್ವರ ಮತ್ತು ಕೊಳಕುಮಂಡಲದ ಕಡಿತ, ಎರಡೂ ಕಿಡ್ನಿಯನ್ನು ದಿನಗಳಲ್ಲೇ ಕೆಡಿಸಬಲ್ಲವು. ಬೇಗ ಆಸ್ಪತ್ರೆ ಸೇರಿದರೆ ಬಹಳ ಜನರಲ್ಲಿ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಆದರೆ ಡಿಸ್ಚಾರ್ಜ್ ಆದ ಮೇಲೆ ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸುವುದು ಬಿಟ್ಟುಹೋಗುತ್ತದೆ.

"ಬಿಪಿ ಮಾತ್ರೆಯಿಂದಲೇ ಕಿಡ್ನಿ ಹೋಯ್ತು"

ಈ ಮಾತನ್ನು ಕೇಳದ ಮನೆ ಇಲ್ಲ. ವರ್ಷಗಟ್ಟಲೆ ಬಿಪಿ, ಶುಗರ್ ಮಾತ್ರೆ ತಗೊಂಡವರಿಗೆ ಕಿಡ್ನಿ ಕೆಟ್ಟಿದ್ದನ್ನು ನೋಡಿ ಜನ ಮಾತ್ರೆಯ ಮೇಲೆ ತಪ್ಪು ಹೊರಿಸುತ್ತಾರೆ. ಮಾತ್ರೆ ಬಂದಿದ್ದು ಬಿಪಿ ಇತ್ತು ಅಂತ, ಕಿಡ್ನಿ ಕೆಟ್ಟಿದ್ದೂ ಬಹುಮಟ್ಟಿಗೆ ಆ ಬಿಪಿಯಿಂದಲೇ, ಎಷ್ಟೋ ಸಲ ಮಾತ್ರೆ ನಡುನಡುವೆ ಬಿಟ್ಟಿದ್ದರಿಂದ.

ಗೊಂದಲಕ್ಕೆ ನಿಜವಾದ ಕಾರಣವೂ ಒಂದಿದೆ. ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ ಶುರು ಮಾಡಿದಾಗ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಜರಡಿಯ ಒಳಗಿನ ಒತ್ತಡ ಇಳಿದಿದ್ದರ ಗುರುತು ಅದು. ನೂರಕ್ಕೆ ಮೂವತ್ತರವರೆಗಿನ ಏರಿಕೆಯನ್ನು ಡಾಕ್ಟರುಗಳು ಸಾಮಾನ್ಯವಾಗಿ ಒಪ್ಪುತ್ತಾರೆ, ಪೊಟ್ಯಾಶಿಯಂ ಜೊತೆ ಮತ್ತೆ ಪರೀಕ್ಷಿಸುತ್ತಾರೆ. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳದಿದ್ದರೆ ಅವರು ರಿಪೋರ್ಟ್ ನೋಡಿ ಮಾತ್ರೆ ನಿಲ್ಲಿಸುತ್ತಾರೆ. ಕಿಡ್ನಿಯನ್ನು ಕಾಯುತ್ತಿದ್ದ ಮಾತ್ರೆಯೇ ನಿಂತಂತಾಯಿತು.

ಬೇಗ ಪತ್ತೆ ಮಾಡಿ ಏನು ಪ್ರಯೋಜನ?

ಹತ್ತು ಹದಿನೈದು ವರ್ಷದ ಹಿಂದೆ ಈ ಪ್ರಶ್ನೆಗೆ ಉತ್ತರ ಸ್ವಲ್ಪ ಸಪ್ಪೆ ಇತ್ತು. ಬಿಪಿ, ಶುಗರ್ ಹಿಡಿತದಲ್ಲಿಡಿ, ಉಪ್ಪು ಕಡಿಮೆ ಮಾಡಿ, ಅಷ್ಟೇ. ಈಗ ಹಾಗಿಲ್ಲ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು, ಮೊದಲು ಶುಗರ್‌ಗೆ ಬಂದವು, ಕಿಡ್ನಿ ಸೋಲುವ ವೇಗವನ್ನು ಇಳಿಸುತ್ತವೆ, ಶುಗರ್ ಇಲ್ಲದವರಲ್ಲೂ ಕೆಲಸ ಮಾಡುತ್ತವೆ ಅಂತ ದೊಡ್ಡ ಪ್ರಯೋಗಗಳಲ್ಲಿ ಗೊತ್ತಾಗಿದೆ. ಡಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ. ಅದಾದ ಮೇಲೆ ಬೇರೆ ಬೇರೆ ಕಂಪನಿಗಳು ತಯಾರಿಸಿ ಬೆಲೆ ಬಹಳ ಇಳಿದಿದೆ. ಎಲ್ಲರಿಗೂ ಇದು ಸೂಕ್ತ ಅಲ್ಲ, ಡಾಕ್ಟರು ನೋಡಿಯೇ ಕೊಡಬೇಕು. ಆದರೆ ಎರಡನೇ ಹಂತದಲ್ಲೇ ಪತ್ತೆಯಾದವರನ್ನು ವರ್ಷಗಟ್ಟಲೆ ಅಲ್ಲೇ ಹಿಡಿದಿಡುವ ಮಾತು ಈಗ ಬರಿಯ ಸಮಾಧಾನದ ಮಾತಲ್ಲ.

ಊಟದ ವಿಷಯದಲ್ಲಿ ಒಂದೇ ಎಚ್ಚರಿಕೆ ಹೇಳುತ್ತೇನೆ. ಕಿಡ್ನಿಗೆ ಒಳ್ಳೆಯದು ಅಂತ ಕೇಳಿ ಬರುವುದೆಲ್ಲ ಕಿಡ್ನಿ ಸೋತವರಿಗೆ ಒಳ್ಳೆಯದಲ್ಲ. ಅರಸೀಕೆರೆಯ ಎಳನೀರು ಆರೋಗ್ಯವಂತರಿಗೆ ಅಮೃತ. ಕೊನೆಯ ಹಂತದ ರೋಗಿಗೆ ಅದರಲ್ಲಿರುವ ಪೊಟ್ಯಾಶಿಯಂ ಹೃದಯದ ಬಡಿತವನ್ನೇ ತಪ್ಪಿಸಬಹುದು. ಕಡಿಮೆ ಸೋಡಿಯಂ ಅಂತ ಮಾರುವ ಉಪ್ಪಿನಲ್ಲೂ ಪೊಟ್ಯಾಶಿಯಂ ಇರುತ್ತದೆ. ಮಲೆನಾಡಿನ ಹಿತ್ತಲಲ್ಲಿ ಬೆಳೆಯುವ ಧಾರೆಹುಳಿ, ಅಂದರೆ ಕಮರಾಕ್ಷಿ ಹಣ್ಣು, ಕಿಡ್ನಿ ಸೋತವರಿಗೆ ವಿಷದಂತೆ, ಬಿಕ್ಕಳಿಕೆಯಿಂದ ಶುರುವಾಗಿ ಅಪಸ್ಮಾರದವರೆಗೆ ಹೋದ ಉದಾಹರಣೆಗಳಿವೆ.

ಒಂದು ಮೆಷಿನ್, ಆರು ಜನ

ಬೇಗ ಪತ್ತೆಯಾಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸರಳ ಲೆಕ್ಕ ಇದೆ. ಸರಿಯಾದ ಡಯಾಲಿಸಿಸ್ ಅಂದರೆ ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ. ಒಂದು ಮೆಷಿನ್ ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ ಓಡಿದರೆ 18 ಸಲ. ಅಂದರೆ ಆರೇ ಜನಕ್ಕೆ. ಐದು ಮೆಷಿನ್ ಇರುವ ಆಸ್ಪತ್ರೆಯಲ್ಲಿ ಮೂವತ್ತು ಜನ. ಮೂವತ್ತೊಂದನೆಯವರು ಬಂದರೆ ಯಾರದೋ ಮೂರು ಸಲ ಎರಡಾಗುತ್ತದೆ.

2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತ, ನಮ್ಮ ತಾಲ್ಲೂಕು ಆಸ್ಪತ್ರೆಗಳವರೆಗೂ ಮೆಷಿನ್ ಬಂದಿವೆ. ಇದು ದೊಡ್ಡ ಉಪಕಾರ, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಬಾಳೆಹೊನ್ನೂರಿನ ಆಚೆ ಎಸ್ಟೇಟಿನ ಲೈನ್ ಮನೆಯಿಂದ ಬರುವವರಿಗೆ ವಾರದಲ್ಲಿ ಮೂರು ದಿನ ಹೋಗಿಬಿಡುತ್ತದೆ. ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಬಸ್ ಬರದಿದ್ದರೆ ಆ ಸಲದ ಡಯಾಲಿಸಿಸ್ ತಪ್ಪುತ್ತದೆ. ಚಿಕಿತ್ಸೆ ಉಚಿತ ಇದ್ದರೂ ಮನೆ ಸಾಲಕ್ಕೆ ಬೀಳುವುದು ಹೀಗೆ.

ಹಾಗಾದರೆ ಎಲ್ಲರಿಗೂ ಪರೀಕ್ಷೆ ಬೇಕಾ?

ಇಲ್ಲೂ ಎರಡು ಅಭಿಪ್ರಾಯ. ಎಲ್ಲ ವಯಸ್ಕರಿಗೂ ಮಾಡಿ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಹಣ ಹರಿದುಹೋಗುತ್ತದೆ, ಕಾಯಿಲೆ ಇಲ್ಲದವರೂ ಗಾಬರಿಯಾಗಿ ಸ್ಪೆಷಲಿಸ್ಟ್ ಬಾಗಿಲಲ್ಲಿ ನಿಲ್ಲುತ್ತಾರೆ, ಆಗ ನಿಜವಾದ ರೋಗಿಗೆ ಜಾಗ ಸಿಗುವುದಿಲ್ಲ ಅನ್ನುವವರೂ ಇದ್ದಾರೆ. ಹಾಸನದ ಜನ ಜಯದೇವಕ್ಕೆ ಮುಗಿಬಿದ್ದ ದಿನಗಳನ್ನು ನೆನೆದರೆ ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಶುಗರ್ ಇರುವವರು, ಬಿಪಿ ಇರುವವರು, ಹೃದಯದ ಕಾಯಿಲೆ ಇರುವವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಸೋತಿದ್ದವರು, ದಿನಾ ನೋವಿನ ಮಾತ್ರೆ ತಗೊಳ್ಳುವವರು, ಇಷ್ಟು ಜನಕ್ಕೆ ವರ್ಷಕ್ಕೊಮ್ಮೆ ತಪ್ಪದೆ ಆದರೆ ಅರ್ಧ ಯುದ್ಧ ಗೆದ್ದಂತೆ. ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡಲು ಆರೋಗ್ಯ ಸಿಬ್ಬಂದಿ ಈಗಾಗಲೇ ಮನೆ ಬಾಗಿಲಿಗೆ ಬರುತ್ತಿದ್ದಾರೆ. ಪತ್ತೆಯಾದ ಪ್ರತಿಯೊಬ್ಬರಿಗೂ ಎಸಿಆರ್ ಆಗುವಂತೆ ನೋಡಿಕೊಂಡರೆ ಹೊಸ ಯೋಜನೆಯೇನೂ ಬೇಕಿಲ್ಲ.

ಮೂತ್ರಕ್ಕೆ ಅದ್ದಿ ನೋಡುವ ಬಣ್ಣದ ಪಟ್ಟಿ ಅಗ್ಗ, ಆದರೆ ಪ್ರೋಟೀನ್ ಜಾಸ್ತಿ ಸೋರುತ್ತಿದ್ದರೆ ಮಾತ್ರ ಅದು ಬಣ್ಣ ತಿರುಗುತ್ತದೆ. ಶುರುವಿನ ಸೋರಿಕೆ ಸಿಗುವುದು ಎಸಿಆರ್‌ನಲ್ಲಿ. ಲ್ಯಾಬಿನಲ್ಲಿ ಬರಿಯ ಯೂರಿನ್ ಟೆಸ್ಟ್ ಅಂದರೆ ಎಸಿಆರ್ ಮಾಡುವುದಿಲ್ಲ, ಹೆಸರು ಹೇಳಿಯೇ ಕೇಳಬೇಕು. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಆದರೆ ಒಳ್ಳೆಯದು. ಜ್ವರ ಇದ್ದಾಗ, ಉರಿಮೂತ್ರ ಇದ್ದಾಗ, ಹಿಂದಿನ ದಿನ ವಿಪರೀತ ದುಡಿದಿದ್ದಾಗ ಬೇಡ. 30ಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸಿ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ, ಜೊತೆಗೆ ಕ್ರಿಯಾಟಿನಿನ್. ಎರಡೂ ರಿಪೋರ್ಟ್‌ಗಳನ್ನು ಬಿಸಾಡದೆ ಬಿಪಿ ಚೀಟಿಯ ಜೊತೆಗೇ ಇಡಿ. ಮುಂದಿನ ಸಲ ಡಾಕ್ಟರು ಮೊದಲು ಕೇಳುವುದು ಹಳೆಯ ರಿಪೋರ್ಟನ್ನೇ.